ಕೇಪು ಸಿಡಿಯಿತು, ಈಡು ಹಾರಲಿಲ್ಲ: ಕಿಟ್ ಪಿಸ್ತೂಲಿನ ದೋಷ ಹುಡುಕುವ ಬಗೆ

ಅಮೆರಿಕದಲ್ಲಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ, ಪಿಸ್ತೂಲುಗಳನ್ನು ಹವ್ಯಾಸಕ್ಕೆ ಇಟ್ಟುಕೊಂಡವರು ಬಹಳ ಜನ. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಇವರದ್ದೇ ರಾಷ್ಟ್ರೀಯ ಸಂಘದ ಮೈದಾನವಿದೆ. ಆ ಸಂಘ ಶುರುವಾಗಿದ್ದು 1933ರಲ್ಲಿ. ಉದ್ದ ಕೋವಿಗಳ ಜೊತೆಗೆ ಅಂಗೈ ಅಗಲದ ಡೆರಿಂಜರ್ ಮಾದರಿಯ ಪಿಸ್ತೂಲುಗಳಿಗೂ ಇಲ್ಲಿ ಪ್ರೀತಿ ಜಾಸ್ತಿ. 1865ರ ಏಪ್ರಿಲ್ 14ರಂದು ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನಲ್ಲಿ ಲಿಂಕನ್ ಮೇಲೆ ಹಾರಿಸಿದ್ದು ಇಂಥದ್ದೇ ಒಂದು ಪಿಸ್ತೂಲು. ಒಂದೇ ಈಡಿನದ್ದು, ಕೇಪು ಎಂಬ ಪುಟ್ಟ ಸಿಡಿಯುವ ಟೋಪಿಯಿಂದ ಹೊತ್ತುವಂಥದ್ದು. ಅದರ ನಕಲುಗಳು ಈಗ ಕಿಟ್ ರೂಪದಲ್ಲಿ ಬರುತ್ತವೆ. ಅರೆಬರೆ ಕೆತ್ತಿದ ಮರದ ಹಿಡಿ, ಬಣ್ಣವಿಲ್ಲದ ನಳಿಗೆ, ಹಿತ್ತಾಳೆಯ ಬಿಡಿ ಭಾಗಗಳು, ಹೊಡೆಯುವ ಯಂತ್ರಭಾಗವಾದ ಲಾಕು. ಉಜ್ಜಿ, ಕೆತ್ತಿ, ಬಣ್ಣ ಹಾಕಿ, ಹೊಳಪು ಕೊಟ್ಟು ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು.

ಮಲೆನಾಡು, ಕೊಡಗಿನ ಕಡೆಯವರಿಗೆ ಕೇಪಿನ ಕೋವಿ ಹೊಸದೇನಲ್ಲ. ಒಳಗಿನ ಕೆಲಸ ಎರಡರಲ್ಲೂ ಒಂದೇ. ಕುದುರೆ, ಅಂದರೆ ಲಾಕಿನ ಪುಟ್ಟ ಸುತ್ತಿಗೆ, ಕೇಪಿನ ಮೇಲೆ ಬಡಿಯುತ್ತದೆ. ಕೇಪಿನ ಕಿಡಿ, ಕೇಪು ಕೂರುವ ನಿಪಲ್ ಎಂಬ ಪುಟ್ಟ ಕೊಳವೆಯ ತೂತಿನಿಂದ ಇಳಿದು ನಳಿಗೆಯ ಬುಡದಲ್ಲಿರುವ ಕರಿಮದ್ದಿಗೆ ತಾಗುತ್ತದೆ. ಸಿಡಿಯುವ ರಾಸಾಯನಿಕದಿಂದ ಕೋವಿ ಹೊತ್ತಿಸುವ ಈ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೇಟೆಂಟ್ ಪಡೆದಿದ್ದ. ತಾಮ್ರದ ಕೇಪು ಬಂದದ್ದು ಆಮೇಲೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ 1968ರ ಕೇಂದ್ರ ಕಾನೂನು ಇಂಥ ನಕಲುಗಳನ್ನು ಪುರಾತನ ಆಯುಧದ ಲೆಕ್ಕಕ್ಕೆ ಸೇರಿಸುತ್ತದೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ನಿಮ್ಮ ರಾಜ್ಯದ್ದನ್ನು ನೋಡಿಕೊಳ್ಳಿ. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಾಯಿಯಿಂದ ತುಂಬುವ ಕೋವಿಗೂ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಕೊಡಗಿನ ಹಳೆಯ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ವಿನಾಯಿತಿ ಅವರದ್ದು ಮಾತ್ರ. ಊರಿಗೆ ಹೋಗುವಾಗ "ಇದು ಆಟಿಕೆ ತರಹ ಅಲ್ವಾ" ಅಂತ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೊರಡಬೇಡಿ.

ಇನ್ನು ದೋಷದ ವಿಷಯ. ಕಿಟ್ ಪಿಸ್ತೂಲು ಹಾರದಿದ್ದರೆ ಜನ ಮೊದಲು ಬೈಯುವುದು ಕೇಪನ್ನು, ಆಮೇಲೆ ಮದ್ದನ್ನು. ನನ್ನ ಅನುಭವದಲ್ಲಿ ಬಹುಪಾಲು ದೋಷ ಇವೆರಡರಲ್ಲೂ ಇರುವುದಿಲ್ಲ. ನಾವು ಚೆಂದ ಮಾಡಲು ಕೈ ಹಾಕಿದ ಜಾಗದಲ್ಲೇ ಇರುತ್ತದೆ. ವಾರ್ನಿಷ್, ಎಣ್ಣೆ, ಪಾಲಿಶ್, ಬಣ್ಣದ ದ್ರಾವಣ, ಜಾಸ್ತಿ ಬಿಗಿದ ಸ್ಕ್ರೂ. ಹುಡುಕುವಾಗ ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಹಾರದೇ ಹೋದ ತಕ್ಷಣ

ಟ್ರಿಗರ್ ಎಳೆದಿರಿ, ಈಡು ಹಾರಲಿಲ್ಲ. ಪಿಸ್ತೂಲು ಎಲ್ಲಿಗೆ ಗುರಿ ಇತ್ತೋ ಅಲ್ಲೇ ಇರಲಿ. ಮುಖದ ಹತ್ತಿರ ತರಬೇಡಿ, ಬಾಯಿಯೊಳಗೆ ಇಣುಕಬೇಡಿ, ಪಕ್ಕದವರಿಗೆ ತೋರಿಸಲು ತಿರುಗಬೇಡಿ. ಮದ್ದು ಒಳಗೆ ಕನಲುತ್ತಿದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಕನಿಷ್ಠ 1 ನಿಮಿಷ ಹಾಗೇ ಹಿಡಿದು ನಿಲ್ಲಿ. ನಾನು 2 ನಿಮಿಷ ನಿಲ್ಲುತ್ತೇನೆ. ಆಮೇಲೆ ಗುರಿಯ ಕಡೆಗೇ ಹಿಡಿದುಕೊಂಡು ಹೊಸ ಕೇಪು ಹಾಕಿ ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ಹಾರದಿದ್ದರೆ ಮತ್ತೆ ಅಷ್ಟೇ ಹೊತ್ತು ಕಾಯಿರಿ. ಕೇಪು ತೆಗೆದ ಮೇಲೆಯೇ ಮುಂದಿನ ಕೆಲಸ.

ಇದರ ಜೊತೆ ಒಂದು ಅಭ್ಯಾಸ ಬೇಕೇ ಬೇಕು. ಪಿಸ್ತೂಲು ಖಾಲಿ ಇರುವಾಗ ಗಜವನ್ನು, ಅಂದರೆ ಈಡು ಇಳಿಸುವ ಕೋಲನ್ನು, ಬುಡದವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೆರೆ ಎಳೆಯಿರಿ. ಸರಿಯಾಗಿ ಈಡು ತುಂಬಿದ ಮೇಲೆ ಅದೇ ರೀತಿ ಇನ್ನೊಂದು ಗೆರೆ. ಈ ಎರಡು ಗೆರೆ ಇದ್ದರೆ ಒಳಗೆ ಈಡು ಇದೆಯೋ ಇಲ್ಲವೋ, ಗುಂಡು ಮದ್ದಿನ ಮೇಲೆ ಕೂತಿದೆಯೋ ನಡುವೆ ನಿಂತಿದೆಯೋ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕಿಟ್ ಕೊಳ್ಳುವ ಹೆಚ್ಚಿನವರು ಈ ಗೆರೆ ಎಳೆಯುವುದಿಲ್ಲ. ನನಗೆ ಇದು ದೊಡ್ಡ ಬೇಸರದ ಸಂಗತಿ. ಮನೆಗೆ ತಂದು "ಖಾಲಿ ಇದೆ" ಎಂದು ಗೋಡೆಗೆ ನೇತುಹಾಕಿದ ಎಷ್ಟೋ ಹಳೆಯ ಕೋವಿಗಳಲ್ಲಿ ಈಡು ಹಾಗೇ ಕೂತಿರುತ್ತದೆ.

ಮೊದಲು ಶಬ್ದ ಕೇಳಿ

ಏನು ಕೇಳಿಸಿತು ಎನ್ನುವುದರಲ್ಲೇ ಅರ್ಧ ಉತ್ತರ ಇದೆ. ಬರೀ 'ಟಕ್' ಎಂದಿತೋ? ಕೇಪು ಸಿಡಿದಿಲ್ಲ, ದೋಷ ಕುದುರೆ, ನಿಪಲ್, ಲಾಕಿನ ಕಡೆ. 'ಟಪ್' ಎಂದು ಕೇಪು ಸಿಡಿದು ಸುಮ್ಮನಾಯಿತೋ? ಬೆಂಕಿ ಮದ್ದಿನವರೆಗೆ ಹೋಗಿಲ್ಲ, ಇಲ್ಲವೇ ಅಲ್ಲಿ ಮದ್ದೇ ಇಲ್ಲ. 'ಟಪ್' ಆಗಿ, ಕ್ಷಣ ಬಿಟ್ಟು 'ಢಂ' ಎಂದಿತೋ? ದಾರಿ ಅರ್ಧ ಕಟ್ಟಿದೆ. ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ ನೋಡಿ. ಕೇಪು, ಮದ್ದು, ನಿಪಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಹಾರಬಹುದು. ಆದರೆ ಏಕೆ ಹಾರಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ವಾರ ಮತ್ತೆ ಅದೇ ಕಥೆ.

ಕೇಪು ಸಿಡಿಯದಿದ್ದರೆ

ಮೊದಲ ಹೊಡೆತಕ್ಕೆ ಸಿಡಿಯದೆ ಎರಡನೇ ಹೊಡೆತಕ್ಕೆ ಸಿಡಿಯುತ್ತಿದೆಯಾ? ಹಾಗಿದ್ದರೆ ಕೇಪು ನಿಪಲ್ ಮೇಲೆ ಪೂರ್ತಿ ಕೂರುತ್ತಿಲ್ಲ. ಮೊದಲ ಹೊಡೆತದ ಬಲವೆಲ್ಲ ಅದನ್ನು ಕೆಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ. ಕೇಪಿನ ನಂಬರ್ ನೋಡಿ. ಇಂಥ ಪಿಸ್ತೂಲುಗಳಿಗೆ ಸಾಮಾನ್ಯವಾಗಿ 11ನೇ ನಂಬರ್, ಕೆಲವಕ್ಕೆ 10. ನಂಬರ್ ಸರಿ ಇದ್ದರೂ ಕೂರದಿದ್ದರೆ ನಿಪಲ್ಲಿನ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ಕೇಪಿಲ್ಲದೆ ಸುಮ್ನೆ ಕುದುರೆ ಬಡಿಸಿ ಆಟವಾಡಿದರೆ ನಿಪಲ್ಲಿನ ತುದಿ ಚಪ್ಪಟೆಯಾಗಿ ಅಂಚು ಹೊರಗೆ ಬಾಗುತ್ತದೆ. ಆ ಅಂಚೇ ಕೇಪನ್ನು ತಡೆಯುವುದು. ನಯವಾದ ಸಾಣೆಕಲ್ಲಿನಿಂದ ಅಂಚು ಮಾತ್ರ ತೆಗೆಯಬಹುದು, ಆದರೆ ಹೊಸ ನಿಪಲ್ ಹಾಕುವುದೇ ಒಳ್ಳೆಯದು. ಅದೇನೂ ದುಬಾರಿಯಲ್ಲ. ಕುದುರೆ ಬಡಿಸಿ ಅಭ್ಯಾಸ ಮಾಡಲೇಬೇಕು ಎಂದರೆ ನಡುವೆ ನಲ್ಲಿಯ ರಬ್ಬರ್ ವಾಷರ್ ಇಡಿ.

ಹೊಸ ನಿಪಲ್ ಕೊಳ್ಳುವಾಗ ಮರೆ, ಅಂದರೆ ಸ್ಕ್ರೂ ಸುತ್ತು, ನೋಡಿಕೊಳ್ಳಿ. ಕಾಲಿಂಚು ದಪ್ಪದ, ಇಂಚಿಗೆ 28 ಸುತ್ತಿನ ಮರೆ, 6 ಮಿಲಿಮೀಟರಿನ 0.75 ಮರೆ ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಒಂದರಲ್ಲಿ ಇನ್ನೊಂದನ್ನು ಒತ್ತಿ ತಿರುಗಿಸಿದರೆ ನಳಿಗೆ ಕಡೆಯ ಮರೆ ಹಾಳು. ಕೈಯಿಂದ ನಾಲ್ಕೈದು ಸುತ್ತು ಸಲೀಸಾಗಿ ಹೋಗದಿದ್ದರೆ ಅಲ್ಲೇ ನಿಲ್ಲಿಸಿ. ಮರೆ ಸಡಿಲಾದ ನಿಪಲ್ ಹಾರಿಸುವವನ ಮುಖದ ಕಡೆಗೇ ಹಾರುತ್ತದೆ.

ಕೇಪು ಪೂರ್ತಿ ಕೂತಿದೆ, ಆದರೂ ಸಿಡಿಯುವುದಿಲ್ಲ. ಕೇಪಿನ ಮೇಲೆ ಬಿದ್ದ ಗುರುತು ಆಳವಿಲ್ಲ. ಅಂದರೆ ಕುದುರೆಯ ಬಡಿತ ಮೆತ್ತಗಿದೆ. ಇಲ್ಲಿ ಎಲ್ಲರೂ ಸ್ಪ್ರಿಂಗ್ ಬಗ್ಗೆ ಅನುಮಾನ ಪಡುತ್ತಾರೆ. ತಡೆಯಿರಿ. ಪಿಸ್ತೂಲು ಖಾಲಿ ಇದೆ ಎಂದು ಗಜದಿಂದ ಖಚಿತ ಮಾಡಿಕೊಂಡು, ಲಾಕನ್ನು ಹಿಡಿದಿಡುವ ಪಕ್ಕದ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ ಕುದುರೆಯನ್ನು ಕೈಯಲ್ಲಿ ಹಿಡಿದೇ ಆಡಿಸಿ ನೋಡಿ. ಈಗ ಸಲೀಸಾಗಿ ಓಡುತ್ತದೆಯಾ? ಹಾಗಾದರೆ ದೋಷ ಸ್ಪ್ರಿಂಗಿನದ್ದಲ್ಲ, ಮರದ್ದು. ಕಿಟ್ಟಿನ ಹಿಡಿಯಲ್ಲಿ ಲಾಕು ಕೂರುವ ಗುಂಡಿಯನ್ನು ನಾವೇ ಕೊನೆಯ ಹದಕ್ಕೆ ಕೆತ್ತಿರುತ್ತೇವೆ. ಎಲ್ಲೋ ಒಂದು ಕಡೆ ಮರ ಉಳಿದಿರುತ್ತದೆ. ವಾರ್ನಿಷ್ ಹಾಕಿದ ಮೇಲೆ ಇನ್ನೂ ಸ್ವಲ್ಪ ಉಬ್ಬುತ್ತದೆ. ಸ್ಕ್ರೂ ಬಿಗಿದಾಗ ಒಳಗಿನ ಸ್ಪ್ರಿಂಗ್ ಮರಕ್ಕೆ ಉಜ್ಜುತ್ತದೆ.

ಎಲ್ಲಿ ಉಜ್ಜುತ್ತಿದೆ ಎಂದು ಕಂಡುಹಿಡಿಯಲು ಕಾಡಿಗೆಯಂಥ ಸಾಧನ ಇನ್ನೊಂದಿಲ್ಲ. ಲಾಕನ್ನು ಬಿಚ್ಚಿ, ಸ್ಪ್ರಿಂಗ್ ಮತ್ತು ಆಡುವ ಭಾಗಗಳ ಹೊರಮೈಗೆ ತೆಳುವಾಗಿ ಕಾಡಿಗೆ ಸವರಿ. ಮತ್ತೆ ಕೂರಿಸಿ ಸ್ಕ್ರೂ ಬಿಗಿಯಿರಿ. ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು ಒಂದೆರಡು ಸಲ ನಿಧಾನ ಎಳೆದು ಇಳಿಸಿ. ಬಿಚ್ಚಿ ನೋಡಿದರೆ ಮರದ ಗುಂಡಿಯಲ್ಲಿ ಕಪ್ಪು ಗೆರೆಯೋ ಚುಕ್ಕೆಯೋ ಬಿದ್ದಿರುತ್ತದೆ. ಸಾಮಾನ್ಯವಾಗಿ ಸ್ಪ್ರಿಂಗಿನ ಕೆಳಬಾಗು ಓಡುವ ಜಾಗದಲ್ಲಿ ಉಗುರಿನಷ್ಟು ಅಗಲದ ಗುರುತು. ಕಪ್ಪಾದಷ್ಟನ್ನೇ ಚೂಪಾದ ಉಳಿಯಿಂದ ಹೆರೆಯಿರಿ, ಸಿಪ್ಪೆ ಕಾಗದದಷ್ಟು ತೆಳ್ಳಗಿರಲಿ. ಮತ್ತೆ ಸವರಿ, ಕೂರಿಸಿ, ನೋಡಿ. ಕಪ್ಪು ಬೀಳುವುದು ನಿಲ್ಲುವವರೆಗೆ ಇದೇ ಕೆಲಸ. ಅವಸರಪಟ್ಟು ಗುಂಡಿಯನ್ನೇ ಅಗಲ ಮಾಡಿದರೆ ಲಾಕು ಅಲ್ಲಾಡತೊಡಗುತ್ತದೆ, ಆ ದೋಷಕ್ಕೆ ಮದ್ದಿಲ್ಲ.

ಇದೇ ಕಾಡಿಗೆಯನ್ನು ನಿಪಲ್ಲಿನ ತಲೆಗೆ ಹಚ್ಚಿ ಕುದುರೆಯನ್ನು ಮೆಲ್ಲಗೆ ಇಳಿಸಿದರೆ, ಕುದುರೆಯ ಕುಳಿಯೊಳಗೆ ಉಂಗುರದ ಗುರುತು ಬೀಳುತ್ತದೆ. ಗುರುತು ನಟ್ಟನಡುವೆ ಇದ್ದರೆ ಸರಿ. ಅಂಚಿಗೆ ಸರಿದಿದ್ದರೆ ಕುದುರೆ ಓರೆಯಾಗಿ ಬಡಿಯುತ್ತಿದೆ. ಸುತ್ತಿಗೆ ಹಿಡಿದು ಕುದುರೆ ಬಗ್ಗಿಸಲು ಹೋಗಬೇಡಿ. ಎರಕದ ತುಂಡು ಅದು, ತಣ್ಣಗಿರುವಾಗ ಪಟ್ ಎಂದು ಮುರಿಯುತ್ತದೆ. ಕೋವಿ ರಿಪೇರಿಯವರು ಕಾಯಿಸಿ ಬಗ್ಗಿಸುತ್ತಾರೆ.

ಕೇಪು ಸಿಡಿದರೂ ಈಡು ಹಾರದಿದ್ದರೆ

ಕಿಟ್ ಪಿಸ್ತೂಲಿನಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಇಲ್ಲಿ ತಾಳ್ಮೆ ಬೇಕು.

ಈಡು ಇನ್ನೂ ಒಳಗಿದ್ದರೆ ಅದನ್ನು ತೆಗೆಯುವುದು ಮೊದಲ ಕೆಲಸ. ಕೇಪು ತೆಗೆದಿರಲಿ. ನಿಪಲ್ ಬಿಚ್ಚಿ, ಆ ತೂತಿನಿಂದ ನೀರು ಬಿಟ್ಟು ಮದ್ದನ್ನು ಚೆನ್ನಾಗಿ ನೆನೆಸಿ. ಎಣ್ಣೆ ಸಾಲದು, ನೀರೇ ಆಗಬೇಕು. ಮದ್ದು ಸತ್ತಿದೆ ಎಂದು ಖಾತ್ರಿಯಾದ ಮೇಲೆ ಗಜದ ತುದಿಗೆ ಗುಂಡು ಎಳೆಯುವ ಸ್ಕ್ರೂ ಹಾಕಿ ಗುಂಡನ್ನು ಹೊರಗೆಳೆಯಿರಿ. ಗಾಳಿಯ ಒತ್ತಡದಿಂದ ಗುಂಡು ತಳ್ಳುವ ಸಣ್ಣ ಉಪಕರಣವೂ ಸಿಗುತ್ತದೆ, ಅದು ಇನ್ನೂ ಸುಲಭ. ಯಾವುದನ್ನೇ ಬಳಸಿ, ಬಾಯಿಯ ಎದುರು ಮೈ ಇರಬಾರದು.

ಗುಂಡು ಹೊರಬಂದಾಗ ಹಿಂದೆ ಮದ್ದೇ ಇಲ್ಲದಿದ್ದರೆ ದೋಷ ಸಿಕ್ಕಿತು. ಮಾತಾಡುತ್ತಾ ತುಂಬುವವರಿಗೆ ಇದು ಆಗುತ್ತಲೇ ಇರುತ್ತದೆ. ತುಂಬುವಾಗ ಯಾರೂ ಮಾತಾಡಿಸಬಾರದು ಎಂದು ಮೈದಾನದಲ್ಲಿ ಹಿರಿಯರು ಗದರಿಸುವುದು ಸುಮ್ಮನೆ ಅಲ್ಲ.

ಮದ್ದು ಇತ್ತು, ಆದರೂ ಹೊತ್ತಲಿಲ್ಲ ಎಂದಾದರೆ ದಾರಿ ಪರೀಕ್ಷೆ ಮಾಡಿ. ನಳಿಗೆಯನ್ನು ಒರೆಸಿ ಒಣಗಿಸಿ, ನಿಪಲ್ ಹಾಕಿ. ಖಾಲಿ ಇದೆ ಎಂದು ಗಜ ಇಳಿಸಿ ನೋಡಿಕೊಂಡು ಕೇಪು ಮಾತ್ರ ಹಾಕಿ. ಗುಂಡು ಹಾರಿಸುವ ಮೈದಾನದಲ್ಲೇ, ಬಾಯಿಯನ್ನು ನೆಲದ ಮೇಲಿನ ಒಂದು ಹುಲ್ಲಿನ ಎಸಳಿಗೆ ಎರಡು ಬೆರಳು ದೂರ ಹಿಡಿದು ಕೇಪು ಸಿಡಿಸಿ. ದಾರಿ ತೆರೆದಿದ್ದರೆ ಎಸಳು ಸ್ಪಷ್ಟವಾಗಿ ಅಲುಗಿ ಬಾಗುತ್ತದೆ, ಬಾಯಿಯಿಂದ ತೆಳು ಹೊಗೆ ಬರುತ್ತದೆ. ಎಸಳು ನಿಂತಲ್ಲೇ ನಿಂತಿದ್ದರೆ, ಹೊಗೆಯೆಲ್ಲ ನಿಪಲ್ಲಿನ ಸುತ್ತಲೇ ಎದ್ದರೆ, ದಾರಿ ಕಟ್ಟಿದೆ.

ಏನು ಕಟ್ಟಿರುತ್ತದೆ? ಹೊಸ ಕಿಟ್ ಆದರೆ ವಾರ್ನಿಷ್, ಪಾಲಿಶ್ ಪೇಸ್ಟ್, ಅರದಿಂದ ಉದುರಿದ ಲೋಹದ ಪುಡಿ. ನಳಿಗೆಗೆ ಕಂದು ಬಣ್ಣ ಬರಿಸಿದ್ದರೆ ಆ ದ್ರಾವಣದಿಂದಾದ ತುಕ್ಕು. ಕಂದು ಬಣ್ಣ ಎಂದರೆ ನಾವೇ ಹದವಾಗಿ ಬರಿಸುವ ತುಕ್ಕು ತಾನೆ. ಬಾಯಿಗೆ, ನಿಪಲ್ ತೂತಿಗೆ ಬಿಗಿಯಾಗಿ ಬಿರಡೆ ಹಾಕದೆ ದ್ರಾವಣ ಹಚ್ಚಿದರೆ ಅದು ಒಳಗೂ ಕೆಲಸ ಮಾಡುತ್ತದೆ. ಬಣ್ಣ ಸಾಕು ಎನಿಸಿದಾಗ ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು ನಿಲ್ಲಿಸದಿದ್ದರೆ ಮರೆಯೊಳಗೆ ತುಕ್ಕು ಮುಂದುವರಿದು ನಿಪಲ್ ಬಿಚ್ಚಲಿಕ್ಕೇ ಬರುವುದಿಲ್ಲ. ಹಾಗೆ ಕಚ್ಚಿಕೊಂಡಿದ್ದರೆ ಒಳಗಿಳಿಯುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ನಿಪಲ್ಲಿಗೆಂದೇ ಇರುವ ಪಾನಾದಿಂದ ಮಾತ್ರ ತಿರುಗಿಸಿ. ಇಕ್ಕಳ ಹಾಕಿದರೆ ತಲೆ ಸವೆದು ಇನ್ನೂ ಫಜೀತಿ.

ಹಾರಿಸಿ ಹಳೆಯದಾದ ಪಿಸ್ತೂಲಾದರೆ ಎಣ್ಣೆ. ತೊಳೆದು ಎಣ್ಣೆ ಹಾಕಿ ಬಾಯಿ ಮೇಲೆ ಮಾಡಿ ನಿಲ್ಲಿಸಿರುತ್ತೀರಿ. ಎಣ್ಣೆಯೆಲ್ಲ ನಿಧಾನವಾಗಿ ಬುಡಕ್ಕೆ ಇಳಿದು ಕೂರುತ್ತದೆ. ಮೊದಲ ಈಡಿನ ಮದ್ದು ಅಲ್ಲೇ ನೆನೆಯುತ್ತದೆ. "ಮೊದಲನೆಯದು ಹಾರುವುದಿಲ್ಲ, ಆಮೇಲೆ ಎಲ್ಲ ಸರಿ" ಎಂದು ಯಾರಾದರೂ ಹೇಳಿದರೆ ಕಣ್ಣು ಮುಚ್ಚಿ ಎಣ್ಣೆ ಎನ್ನಿ. ಪಿಸ್ತೂಲನ್ನು ಬಾಯಿ ಕೆಳಗೆ ಮಾಡಿ ಇಡಿ. ತುಂಬುವ ಮೊದಲು ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಗುರಿಯ ಕಡೆ ಹಿಡಿದು ಒಂದೆರಡು ಬರೀ ಕೇಪು ಸಿಡಿಸಿದರೆ ದಾರಿಯೂ ಒಣಗುತ್ತದೆ.

ಇದಕ್ಕೆ ತದ್ವಿರುದ್ಧ, ಮೊದಲೆರಡು ಹಾರಿ ಆಮೇಲೆ ನಿಂತುಹೋಗುತ್ತದೆಯಾ? ಅದು ಮಸಿ. ಕರಿಮದ್ದು ಸುಟ್ಟರೆ ಅರ್ಧಕ್ಕಿಂತ ಜಾಸ್ತಿ ಭಾಗ ಹೊಗೆಯಾಗಿ ಹೋಗದೆ ಗಟ್ಟಿ ವಸ್ತುವಾಗಿಯೇ ಉಳಿಯುತ್ತದೆ. ನಡುನಡುವೆ ಒರೆಸುವುದು ಸರಿ, ಆದರೆ ಬಟ್ಟೆ ತೀರಾ ಒದ್ದೆಯಾಗಿದ್ದರೆ, ಗಜವನ್ನು ಮೇಲೆ ಕೆಳಗೆ ಪಂಪು ಹೊಡೆದಂತೆ ಆಡಿಸಿದರೆ, ಆ ಮಸಿಯ ರಾಡಿಯನ್ನು ನಾವೇ ಬೆಂಕಿಯ ದಾರಿಗೆ ತುರುಕಿದಂತೆ. ಬಟ್ಟೆ ಬರೀ ತೇವ ಇರಲಿ. ಒಮ್ಮೆ ಒಳಗೆ, ಒಮ್ಮೆ ಹೊರಗೆ, ಅಷ್ಟೇ.

ಇನ್ನೊಂದು ಜಾಗ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಕೆಲವು ಪಿಸ್ತೂಲುಗಳಲ್ಲಿ ನಳಿಗೆಯ ಬುಡದಲ್ಲಿ ಮದ್ದಿನ ಕೋಣೆ ನಳಿಗೆಗಿಂತ ಕಿರಿದಾಗಿರುತ್ತದೆ. ಲಂಡನ್ನಿನ ಹೆನ್ರಿ ನಾಕ್ 1787ರಲ್ಲಿ ಪೇಟೆಂಟ್ ಮಾಡಿದ ಬುಡದ ವಿನ್ಯಾಸದಿಂದ ಬೆಳೆದುಬಂದ ಪದ್ಧತಿ ಅದು. ಗಜಕ್ಕೆ ಸುತ್ತಿದ ಬಟ್ಟೆ ಆ ಕೋಣೆಯ ಬಾಯಿಯಲ್ಲೇ ನಿಂತುಬಿಡುತ್ತದೆ. ಮೇಲೆಲ್ಲ ಕನ್ನಡಿ ಹಾಗೆ ಹೊಳೆಯುತ್ತಿರುತ್ತದೆ, ಒಳಕೋಣೆಯಲ್ಲಿ ಎಣ್ಣೆ, ಮಸಿ ಸೇರಿ ಟಾರಿನಂತಾಗಿರುತ್ತದೆ. 22 ಕ್ಯಾಲಿಬರಿನ (0.22 ಇಂಚು ಒಳಅಗಲದ ನಳಿಗೆಯ) ಸಣ್ಣ ಬ್ರಷ್ ಅಲ್ಲಿಗೆ ಸರಿಯಾಗಿ ಹೋಗುತ್ತದೆ. ಬ್ರಷ್ಷಿಗೆ ತೆಳು ಬಟ್ಟೆ ಸುತ್ತಿ ತಿರುಗಿಸಿ, ಎಷ್ಟು ಕಪ್ಪು ಬರುತ್ತದೆ ನೋಡಿ. ತೊಳೆಯಲು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸಾಕು. ಕರಿಮದ್ದಿನ ಮಸಿ ನೀರಿಗೇ ಕರಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಅದು ಮದ್ದಿನ ಗಂಧಕದ್ದು.

ತಡವಾಗಿ ಹಾರಿದರೆ

ಕಾರಣಗಳು ಹೆಚ್ಚುಕಡಿಮೆ ಮೇಲಿನವೇ, ಪ್ರಮಾಣ ಕಡಿಮೆ. ಆದರೆ ಎರಡು ವಿಷಯ ಸೇರಿಸಬೇಕು. ಮದ್ದು ಹಾಕಿದ ಮೇಲೆ, ಗುಂಡು ಇಳಿಸುವ ಮೊದಲು, ಪಿಸ್ತೂಲಿನ ಪಕ್ಕಕ್ಕೆ ಅಂಗೈಯಿಂದ ಒಂದೆರಡು ಸಲ ತಟ್ಟಿ. ಮದ್ದಿನ ಕಾಳು ಜಾರಿ ಬೆಂಕಿಯ ದಾರಿಯ ಹತ್ತಿರ ಕೂರುತ್ತದೆ. ಎರಡನೆಯದು ಮದ್ದಿನ ಜಾತಿ. ಸಣ್ಣ ಪಿಸ್ತೂಲಿಗೆ ಸಾಮಾನ್ಯವಾಗಿ 3ಎಫ್ ಎಂಬ ಸಣ್ಣ ಕಾಳಿನ ಕರಿಮದ್ದು. ಕರಿಮದ್ದಿಗೆ ಬದಲಿಯಾಗಿ ಬರುವ ಪೈರೊಡೆಕ್ಸ್‌ನಂಥ ಮದ್ದುಗಳು ಹೊತ್ತಿಕೊಳ್ಳಲು ಇನ್ನೂ ಹೆಚ್ಚು ಶಾಖ ಕೇಳುತ್ತವೆ. ಸಣ್ಣ ಕೇಪು, ತಿರುವಿನ ದಾರಿ ಇದ್ದರೆ ತಡವಾಗುತ್ತದೆ. ಒಮ್ಮೆ ನಿಜವಾದ ಕರಿಮದ್ದು ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಎಷ್ಟು ಹಾಕಬೇಕು ಎನ್ನುವುದಕ್ಕೆ ತಯಾರಕರ ಕೈಪಿಡಿ ಬಿಟ್ಟರೆ ಬೇರೆ ಯಾರ ಮಾತೂ ಬೇಡ, ನನ್ನದೂ ಬೇಡ. ಈಗಿನ ತೋಟೆಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನು ಒಂದು ಚಿಟಿಕೆಯೂ ಹಾಕಬಾರದು. ನಳಿಗೆ ಒಡೆದು ಕೈ ಹೋಗುತ್ತದೆ.

ಗುಂಡು ನಡುವೆ ಸಿಕ್ಕಿಕೊಂಡರೆ

ಗಜದ ಎರಡನೇ ಗೆರೆ ಬಾಯಿಯಿಂದ ಮೇಲೆ ಉಳಿದಿದೆ ಎಂದರೆ ಗುಂಡು ಮದ್ದಿನವರೆಗೆ ಇಳಿದಿಲ್ಲ. ಆ ಸ್ಥಿತಿಯಲ್ಲಿ ಯಾವ ಕಾರಣಕ್ಕೂ ಹಾರಿಸಬೇಡಿ. ನಡುವಿನ ಖಾಲಿ ಜಾಗದಿಂದ ನಳಿಗೆ ಅಲ್ಲೇ ಉಬ್ಬಬಹುದು, ಒಡೆಯಲೂಬಹುದು. ಕೇಪು ಹಾಕಿರಲೇಬಾರದು. ಒಂದೇ ಸಮ ಒತ್ತಡದಿಂದ ಇಳಿಸಿ ನೋಡಿ, ಇಳಿಯದಿದ್ದರೆ ಮೇಲೆ ಹೇಳಿದ ಹಾಗೆ ಮದ್ದು ನೆನೆಸಿ ಹೊರಗೆಳೆಯಿರಿ. ಕಾರಣ ಬಹುತೇಕ ಮಸಿ, ಇಲ್ಲವೇ ಗುಂಡಿಗೆ ಸುತ್ತುವ ಬಟ್ಟೆ ದಪ್ಪ. 45 ಕ್ಯಾಲಿಬರಿನ ನಳಿಗೆಗೆ ಸಾಮಾನ್ಯವಾಗಿ 0.440 ಇಂಚಿನ ಗುಂಡು, ತೆಳು ಹತ್ತಿ ಬಟ್ಟೆ. ಬಟ್ಟೆ ದಪ್ಪವಾದರೆ ಮೊದಲ ಈಡು ಇಳಿದರೂ ಮೂರನೆಯದು ಇಳಿಯುವುದಿಲ್ಲ.

ಹಾರಿದ ಬಟ್ಟೆಯನ್ನು ನೆಲದಿಂದ ಹೆಕ್ಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಡುವೆ ದುಂಡಗೆ ಕಪ್ಪಾಗಿ ಉಳಿದದ್ದು ಇಡಿಯಾಗಿದ್ದರೆ ಎಲ್ಲ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆಗೆ ಜಿಡ್ಡು ಸಾಲದು ಅಥವಾ ಬಟ್ಟೆ ತೆಳು. ಅಂಚಿನಲ್ಲಿ ಚಾಕು ಹಾಕಿದಂತೆ ಸೀಳಿದ್ದರೆ ನಳಿಗೆಯ ಬಾಯಿ ಚೂಪಾಗಿದೆ. ಕಿಟ್ಟಿನ ಬಾಯಿಯನ್ನು ಅರದಿಂದ ಚಪ್ಪಟೆ ಮಾಡಿದವರಿಗೆ ಇದು ಬರುತ್ತದೆ. ನಯವಾದ ಸಾಣೆ ಕಾಗದವನ್ನು ಹೆಬ್ಬೆರಳ ತುದಿಯಲ್ಲಿ ಹಿಡಿದು ಬಾಯಿಯ ಒಳ ಅಂಚನ್ನು ದುಂಡಗೆ ಉಜ್ಜಿದರೆ ಸರಿಹೋಗುತ್ತದೆ. ಗುಂಡು ಅಡ್ಡಾದಿಡ್ಡಿ ಹೋಗುತ್ತಿದ್ದದ್ದೂ ಎಷ್ಟೋ ಸಲ ಇದರಿಂದಲೇ ನಿಲ್ಲುತ್ತದೆ.

ಚಕಮಕಿ ಕಲ್ಲಿನದ್ದಾದರೆ

ಚಕಮಕಿ ಪಿಸ್ತೂಲಿನ ಪಾಡೇ ಬೇರೆ, ಇಲ್ಲಿ ಚುಟುಕಾಗಿ ಹೇಳುತ್ತೇನೆ. ಕಿಡಿಯೇ ಬರದಿದ್ದರೆ ಕಲ್ಲಿನ ಅಂಚು ಮೊಂಡಾಗಿದೆ ಅಥವಾ ಕಲ್ಲು ಬಡಿಯುವ ಉಕ್ಕಿನ ಮುಖ ಮೆತ್ತಗಿದೆ. ಹೊಸ ಕಲ್ಲು ಹಾಕಿ, ತೊಗಲಿನಲ್ಲಿ ಸುತ್ತಿ ಬಿಗಿಯಿರಿ. ಆಗಲೂ ಕಿಡಿ ಮಂಕಾಗಿದ್ದರೆ, ಉಕ್ಕಿನ ಮೇಲೆ ಆಳವಾದ ಗೀರು ಬೀಳುತ್ತಿದ್ದರೆ, ಅದಕ್ಕೆ ಹದ ಕೊಡಿಸಬೇಕು. ಕಿಡಿ ಬೀಳುವ ಹೊರಗಿನ ಪುಟ್ಟ ಬಟ್ಟಲಿನ ಮದ್ದು ಭಗ್ ಎಂದು ಹೊತ್ತಿ ಒಳಗೆ ಹೋಗದಿದ್ದರೆ ಪಕ್ಕದ ತೂತನ್ನು ತಂತಿಯಿಂದ ಚುಚ್ಚಿ ಬಿಡಿಸಿ. ಬಟ್ಟಲನ್ನು ತುಂಬಿಸಬೇಡಿ, ತೂತು ಮದ್ದಿನ ಮಟ್ಟಕ್ಕಿಂತ ಮೇಲಿರಲಿ. ಬದಲಿ ಮದ್ದುಗಳನ್ನು ಚಕಮಕಿಗೆ ನಂಬಿಕೊಳ್ಳಬೇಡಿ.

ಅರ್ಧ ಎಳೆದ ಕುದುರೆ ಜಾರಿದರೆ

ಈ ಒಂದು ದೋಷವನ್ನು ಮನೆಯಲ್ಲಿ ಸರಿಮಾಡಬೇಡಿ. ಖಾಲಿ ಪಿಸ್ತೂಲಿನಲ್ಲಿ, ಕೇಪಿಲ್ಲದೆ, ನಿಪಲ್ ಮೇಲೆ ರಬ್ಬರ್ ವಾಷರ್ ಇಟ್ಟು ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ. ಟ್ರಿಗರನ್ನು ಮಾಮೂಲಿ ಬಲದಲ್ಲಿ ಎಳೆಯಿರಿ. ಹೆಬ್ಬೆರಳಲ್ಲಿ ಕುದುರೆಯನ್ನು ಮುಂದಕ್ಕೆ ತಳ್ಳಿ. ಎರಡಕ್ಕೂ ಅದು ಜಗ್ಗಬಾರದು. ಜಾರಿತು ಎಂದರೆ ಒಳಗಿನ ಕಚ್ಚು ಸವೆದಿದೆ ಅಥವಾ ಮುರಿದಿದೆ. ಟ್ರಿಗರ್ ಹಗುರ ಮಾಡಲೆಂದು ಆ ಕಚ್ಚನ್ನೇ ಅರದಿಂದ ಉಜ್ಜಿದವರ ಪಿಸ್ತೂಲುಗಳಲ್ಲಿ ಇದು ಖಂಡಿತ ಕಾಣುತ್ತದೆ. ಹೊರಗಿನ ಹದಗೊಂಡ ಪದರ ತೆಳ್ಳಗಿರುತ್ತದೆ. ಅದು ಹೋದರೆ ಒಳಗಿನ ಮೆತ್ತನೆಯ ಲೋಹ ಬೇಗ ಸವೆಯುತ್ತದೆ. ಲಾಕು ಬಿಚ್ಚಿ ಕೋವಿ ರಿಪೇರಿಯವರ ಕೈಗೆ ಕೊಡಿ, ಇಲ್ಲವೇ ಹೊಸ ಲಾಕು ತರಿಸಿ. ಅಲ್ಲಿಯವರೆಗೆ ಆ ಪಿಸ್ತೂಲಿಗೆ ಮದ್ದು ಹಾಕಬೇಡಿ.